ಹಿಂದಿನೋರಿಗೆ ಕೇಳ್ತೈತಾ?

ಅಪ್ಪ ಸಾಯುವ ದಿನ ನನ್ನ ಕೈ ಹಿಡಿದುಕೊಂಡು, "ನನ್ನ ತಾಳ ದೊಡ್ಡೋನಿಗೆ ಕೊಡು" ಅಂದಿದ್ದ. ದೊಡ್ಡೋನು ಅಂದರೆ ನನ್ನ ಅಣ್ಣ. ನಾನು ಕೊಡಲಿಲ್ಲ. ಕೊಡದೇ ಹೋದದ್ದು ಒಂದು ತಪ್ಪು. ಅಪ್ಪ ಹಾಗೆ ಹೇಳಿದ್ದ ಅನ್ನುವುದನ್ನೂ ಅಣ್ಣನಿಗೆ ತಿಳಿಸದೆ ಉಳಿದದ್ದು ಅದಕ್ಕಿಂತ ದೊಡ್ಡ ತಪ್ಪು. ಅಪ್ಪನ ಬಾಯಿಂದ ಒಂದು ಮಾತು ಬಂದೀತೇ ಅಂತ ಅಣ್ಣ ಎಷ್ಟು ಕಾದಿದ್ದ ಅನ್ನುವುದು ಮನೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ. ಕೊನೆಗೆ ಹೇಳುವ ಹೊತ್ತಿಗೆ ಅವನು ಹಾಡುವುದನ್ನೇ ಬಿಟ್ಟಿದ್ದ. ಆಮೇಲೂ, ಕಣ್ಣು ಮುಚ್ಚುವ ತನಕ, ಹಾಡಲಿಲ್ಲ.

ಅವನು ಹೋಗಿ ವರ್ಷವಾಗುತ್ತಾ ಬಂತು. ಶಿಕಾರಿಪುರದಲ್ಲಿ ಅವನನ್ನು ನೆನೆಯುವವರು ಮೈಕ್‌ಸೆಟ್ಟಿನ ಮಾಲೀಕ ಅಂತಲೇ ನೆನೆಯುತ್ತಾರೆ. ಮದುವೆ, ಪುರಾಣ, ನಾಟಕ, ಭಾಷಣ, ಏನೇ ಇರಲಿ, ಮರದ ಮೇಲೆ ಹಾರ್ನು ಕಟ್ಟಿದವನು ಅವನು. ಅದೇ ಮನುಷ್ಯ ಒಂದು ಕಾಲಕ್ಕೆ ಬಿಗಿಯಾದ ಪ್ಯಾಂಟು ಹಾಕಿ, ಗಿಟಾರು ಹಿಡಿದು, ಮೈ ಕುಣಿಸಿ ಹಾಡುತ್ತಿದ್ದ ಅಂದರೆ ಅವನ ಮೊಮ್ಮಕ್ಕಳೇ ನಗುತ್ತಾರೆ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು, ಬರೆದು ರೂಢಿಯಿಲ್ಲ. ಆದರೆ ಆ ಹಾಡು ಕೇಳಿದವರು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ನಾನೂ ಹೋದರೆ ಅವನ ಲೆಕ್ಕದಲ್ಲಿ ಮೈಕು ಮಾತ್ರ ಉಳಿಯುತ್ತದೆ.

ನಮ್ಮಪ್ಪನಿಗೆ ಪೇಟೆಯಲ್ಲಿ ಬೆಲ್ಲ, ಹುಣಸೆಹಣ್ಣಿನ ಅಂಗಡಿ ಇತ್ತು. ಆದರೆ ಜನಕ್ಕೆ ಅವನು ಭಜನೆಯಪ್ಪ. ನಮ್ಮ ಓಣಿಯಲ್ಲಿ ಯಾರೇ ಲಿಂಗೈಕ್ಯರಾಗಲಿ, ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಎದುರಿಗೆ ಭಜನೆಗೆ ಕೂತರೆ ಮೊದಲ ಸೊಲ್ಲು ಎತ್ತುವವನು ಅಪ್ಪನೇ. ಅವನ ಕೈಯಲ್ಲಿ ಅಂಗೈಯಗಲದ ಹಿತ್ತಾಳೆ ತಾಳ. ಅವನು ಸೊಲ್ಲು ಎತ್ತುತ್ತಿದ್ದ, ನಾವೆಲ್ಲ ಹಿಂದೆ ಹೇಳುತ್ತಿದ್ದೆವು. ಅಣ್ಣ ಹುಡುಗನಾಗಿದ್ದಾಗ ಅಪ್ಪನ ಪಕ್ಕ ಕೂತು ಹೇಳಿದರೆ ಎರಡು ಕೊರಳು ಒಂದೇ ಕೊಳವೆಯಿಂದ ಬಂದ ಹಾಗೆ ಕೇಳುತ್ತಿತ್ತು. ನನ್ನದು ಗಾಣದ ಕೀಲು. ಅಪ್ಪ ನನ್ನ ಕಡೆ ತಿರುಗಿ, "ನೀನು ಮೆಲ್ಲಗೆ ಹೇಳಪ್ಪ" ಅನ್ನುತ್ತಿದ್ದ. ಬೈಗುಳವಲ್ಲ, ಆದರೂ ನನಗೆ ನಾಟುತ್ತಿತ್ತು.

ಮೀಸೆ ಚಿಗುರುವ ಹೊತ್ತಿಗೆ ಅಣ್ಣ ಮನೆ ಬಿಟ್ಟು ಬೆಂಗಳೂರಿಗೆ ಓಡಿದ. ದಂಡಿನ ಕಡೆ, ಅಂದರೆ ಕಂಟೋನ್ಮೆಂಟಿನ, ಒಂದು ಹೋಟೆಲಿನಲ್ಲಿ ಗ್ಲಾಸು ತೊಳೆಯುತ್ತಿದ್ದನಂತೆ. ಅಲ್ಲಿ ಸಂಜೆ ಬ್ಯಾಂಡಿನವರು ಬಂದು ಗಿಟಾರು, ಡ್ರಮ್ಮು ಬಾರಿಸಿ ಹಾಡುತ್ತಿದ್ದರು, ಜನ ಜೋಡಿಜೋಡಿಯಾಗಿ ಕುಣಿಯುತ್ತಿದ್ದರು. ಇವನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕಲಿತ. ಕನ್ನಡ ಸೀಮೆಯೆಲ್ಲ ಒಂದು ರಾಜ್ಯವಾದ ಹೊಸದರಲ್ಲಿ ಊರಿಗೆ ಬಂದ. ಹಣೆಯ ಮೇಲೆ ಕೋಳಿಜುಟ್ಟಿನಂಥ ಕ್ರಾಪು, ಬೆನ್ನಿಗೆ ಯಾರೋ ಬಳಸಿ ಬಿಟ್ಟ ಗಿಟಾರು. ಅವ್ವ ಮೊದಲು ಕೇಳಿದ್ದು, "ಅದೇನಲೇ, ಸೋರೆಬುರುಡೆನಾ?" ಅಂತ.

ಆಗ ನಮ್ಮೂರ ಕಡೆ ನಾಟಕ ಕಂಪನಿಗಳು ಟೆಂಟು ಹೊಡೆಯುತ್ತಿದ್ದವು. ಒಂದು ಕಂಪನಿಯವರು ಸೀನು ಬದಲಿಸುವ ಹೊತ್ತಿಗೆ ಜನ ಏಳದಿರಲಿ ಅಂತ ಇವನನ್ನು ಪರದೆಯ ಮುಂದೆ ನಿಲ್ಲಿಸಿದರು. ಮೊದಲು ಇಂಗ್ಲಿಷ್ ಹಾಡೇ ಹಾಡಿದ. ಅವನಿಗೂ ಅರ್ಥ ಗೊತ್ತಿಲ್ಲ, ಜನಕ್ಕೂ ಗೊತ್ತಿಲ್ಲ. ಆಮೇಲೆ ಅದೇ ವರಸೆಗೆ ತಾನೇ ಕನ್ನಡ ಕೂರಿಸಿದ:

"ಬಾ ಬಾ ಬಸ್ಸೇ, ಸೊರಬದ ಬಸ್ಸೇ,
ಒಳಗೂ ಮಂದಿ, ಮೇಲೂ ಮಂದಿ,
ನಿಲ್ಲಬ್ಯಾಡ, ನಿಂತ್ರೆ ತಳ್ಳೋರ್ಯಾರು!"

ಮೂರು ಬೆರಳಲ್ಲಿ ಕ್ರಾಪು ತೀಡಿಕೊಂಡು, ಎಡಗಾಲಿನ ಹಿಮ್ಮಡಿ ಎತ್ತಿ ಎತ್ತಿ ನೆಲಕ್ಕೆ ಬಡಿಯುತ್ತಾ ಶುರು ಮಾಡುತ್ತಿದ್ದ. ಆಮೇಲೆ ಸೊಂಟ, ಭುಜ, ಕುತ್ತಿಗೆ, ಎಲ್ಲ ಬೇರೆಬೇರೆ ದಿಕ್ಕಿಗೆ. ಹಾರ್ಮೋನಿಯಂ ಮಾಸ್ತರು ಒಮ್ಮೆ ಕೇಳಿದರು, "ಇದು ಯಾವ ರಾಗನಪ್ಪ?"

"ರಾಗ ಇಲ್ರಿ ಮಾಸ್ತರ್ರೆ. ಬರೇ ಜೋರು ಐತಿ."

ಆ ಟೆಂಟಿಗೆ ಮೈಕು ಇರಲಿಲ್ಲ. ಅದಕ್ಕೇ ಹಾಡುವ ಮೊದಲು ಕೈ ಬಾಯಿಗಿಟ್ಟು, ನೆಲದ ಮೇಲೆ ಕೂತ ಕೊನೆಯ ಸಾಲಿನ ಕಡೆ, "ಹಿಂದಿನೋರಿಗೆ ಕೇಳ್ತೈತಾ?" ಅಂತ ಕೂಗುತ್ತಿದ್ದ. ಹಿಂದಿನವರು "ಕೇಳ್ತೈತಿ!" ಅಂತ ಟೆಂಟು ಹಾರುವಂತೆ ಕೂಗಿದ ಮೇಲೇ ಗಿಟಾರು ಮುಟ್ಟುವುದು. ನಾಟಕದ ನಾಯಕನಿಗೂ ಸಿಗದ ಒನ್ಸ್ ಮೋರ್ ಅವನಿಗೆ ಸಿಗುತ್ತಿತ್ತು.

ನಮ್ಮ ದೊಡ್ಡಪ್ಪ, ಅಪ್ಪನ ಅಣ್ಣ, ಓಣಿಗೆ ಹಿರಿಯ. ಅವನು ಅಂಗಡಿ ಕಟ್ಟೆಯ ಮೇಲೆ ಕೂತು ಹತ್ತು ಜನರ ಮುಂದೆ ಅಪ್ಪನಿಗೆ ಕೇಳಿದ: "ಲಿಂಗ ಕಟ್ಟಿದ ಕೊರಳಾಗೆ ಇದೆಂಥ ಕೂಗಾಟ ಬಂತೋ? ಮೈಮ್ಯಾಲೆ ಚೇಳು ಹರಿದಂಗೆ ಕುಣಿತಾನಲ್ಲ ನಿನ್ನ ಮಗ!" ಅಪ್ಪ ಬೆಲ್ಲದ ಪೆಂಟೆಗೆ ಮುತ್ತಿದ ನೊಣ ಓಡಿಸುತ್ತಾ ಕೂತಿದ್ದ. ಅವತ್ತಿನಿಂದ ಅಣ್ಣ ಊಟಕ್ಕೆ ಬಂದರೆ ಅಪ್ಪ ಎದ್ದು ಅಂಗಡಿಗೆ ಹೋಗುತ್ತಿದ್ದ. ಮಾತಿಲ್ಲ. ಅಣ್ಣ ಮುದ್ದೆ ಮುರಿಯುತ್ತಾ ನನಗೆ ಹೇಳಿದ:

"ತಮ್ಮಾ, ಅಪ್ಪ ಒಂದ್ಸಲ ಬಂದು ಕೇಳ್ಲಿ. ಬೈಲಿ, ಬ್ಯಾಡ ಅನ್ನಲ್ಲ. ಕೇಳಿ ಬೈಲಿ."

ಅಪ್ಪನಿಗೆ ಹೇಳಿ ನೋಡು ಅಂತ ಅದರ ಅರ್ಥ. ನಾನು ಹೇಳಲಿಲ್ಲ. ಭಜನೆಯಲ್ಲಿ ಅಪ್ಪನ ಪಕ್ಕದ ಜಾಗ ಆಗ ನನ್ನದಾಗಿತ್ತು.

ಕಂಪನಿ ಸೊರಬಕ್ಕೆ ಹೋದಾಗ ಅಪ್ಪ ಮಲಗಿದ. ಎದೆಯಲ್ಲಿ ಕಫ ಕಟ್ಟಿ ಉಸಿರು ಸಿಗುತ್ತಿರಲಿಲ್ಲ. ಬೆಳಗಿನ ಬಸ್ಸಿಗೆ ಸೊರಬಕ್ಕೆ ಆಳು ಕಳಿಸಿದೆವು. ಮಧ್ಯಾಹ್ನ ಅವ್ವ ನೀರು ಕಾಯಿಸಲು ಹೋದಾಗ ಅಪ್ಪ ನನ್ನ ಕೈ ಹಿಡಿದ. ತಾಳದ ಮಾತು ಹೇಳಿದ. ಉಸಿರು ತೆಗೆದುಕೊಂಡು ಮತ್ತೆ ಹೇಳಿದ:

"ನಾನು ಕೇಳೀನಿ ಅಂತ ಹೇಳು ಅವಂಗೆ. ಟೆಂಟಿನ ಹಿಂದೆ ನಿಂತು ಕೇಳೀನಿ. ಕೊರಳು ನಂದೇ."

ಬೈಗಿಗೆ ಮುಂಚೆ ಪ್ರಾಣ ಹೋಯಿತು.

ದೀಪ ಹಚ್ಚುವ ಹೊತ್ತಿಗೆ ಅಪ್ಪನನ್ನು ಪಡಸಾಲೆಯಲ್ಲಿ ಕೂರಿಸಿದ್ದರು. ತಾಳ ಅವನ ತೊಡೆಯ ಮೇಲಿತ್ತು. ಭಜನೆ ಹೇಳುವವನು ಸತ್ತರೆ ನಮ್ಮಲ್ಲಿ ಹೀಗೆ ಇಡುವುದು ಪದ್ಧತಿ. ಅವನ ತೊಡೆಯ ಮೇಲಿಂದ ತಾಳ ಎತ್ತಿಕೊಂಡು ಯಾವ ಮಗ ಮೊದಲ ಸೊಲ್ಲು ಎತ್ತುತ್ತಾನೋ ಮುಂದೆ ಭಜನೆ ಅವನದು. ಒಂದೇ ಸಲ ಎತ್ತುವುದು, ಮತ್ತೆ ಬದಲಾಯಿಸುವ ಹಾಗಿಲ್ಲ. ಅಷ್ಟರಲ್ಲಿ ಸಂಜೆ ಬಸ್ಸಿಗೆ ಅಣ್ಣ ಬಂದ. ಅದೇ ಪ್ಯಾಂಟು. ಮುಖ ತೊಳೆದುಕೊಂಡಿದ್ದರೂ ಕಿವಿಯ ಹಿಂದೆ ನಾಟಕದ ಬಣ್ಣ ಉಳಿದಿತ್ತು. ಅಪ್ಪನ ಕಾಲಿಗೆ ಬಿದ್ದು, ಎದ್ದು ಮಂಡಿಯೂರಿ, ತಾಳದ ಕಡೆ ಎರಡೂ ಕೈ ಚಾಚಿದ.

"ತಡಿ" ಅಂದ ದೊಡ್ಡಪ್ಪ. "ಬಣ್ಣ ಬಳಕೊಂಡು ಬಂದು ತಾಳ ಮುಟ್ತೀಯಾ? ಬದುಕಿದ್ದಾಗ ನಿನ್ನ ಮುಖ ನೋಡ್ಲಿಲ್ಲ ಅವನು. ಸತ್ತ ಮ್ಯಾಲೆ ನಿನ್ನ ಕೂಗು ಕೇಳಿಸ್ತೀಯಾ?"

ಅಣ್ಣ ಚಾಚಿದ ಕೈ ಹಾಗೇ ಇಟ್ಟುಕೊಂಡು ನನ್ನ ಕಡೆ ನೋಡಿದ. ಅಪ್ಪನ ಹತ್ತಿರ ಕೊನೆಗೆ ಇದ್ದವನು ನಾನು ಅಂತ ಅವ್ವ ಬಾಗಿಲಲ್ಲೇ ಹೇಳಿದ್ದಳು. ಒಂದು ಮಾತು ಸಾಕಿತ್ತು. ದೊಡ್ಡಪ್ಪನ ಭಯ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಭಯ ಅರ್ಧ. ಉಳಿದರ್ಧ ಬೇರೆ: ಮನೆ ಬಿಟ್ಟು ಓಡಿದವನು ಇವನು, ಕಫದ ತಟ್ಟೆ ತೊಳೆದವನು ನಾನು, ಕೊನೆಯ ಉಸಿರಲ್ಲೂ ಅಪ್ಪನಿಗೆ ಬೇಕಾದದ್ದು ಇವನ ಕೊರಳೇ. ದೊಡ್ಡಪ್ಪ ತಾಳ ಎತ್ತಿ ನನ್ನ ಮುಂದೆ ಹಿಡಿದ. ನಾನು ತೆಗೆದುಕೊಂಡೆ.

ಸೊಲ್ಲು ಎತ್ತಿದೆ. ಶ್ರುತಿ ಏರಿ ಹೋಗಿ ಎರಡನೇ ಸಾಲಿಗೇ ಕೊರಳು ಒಡೆಯಿತು. ಹಿಂದೆ ಹೇಳುವವರು ತಡವರಿಸಿದರು. ಅಣ್ಣ ಒಂದು ಮೂಲೆಗೆ ಸರಿದು ನಿಂತಿದ್ದ. ಅವನ ತುಟಿ ಅಲ್ಲಾಡುತ್ತಿತ್ತು, ದನಿ ಇರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಅವನು ಕಂಪನಿಗೆ ಹೋದ. ಆದರೆ ಪರದೆಯ ಮುಂದೆ ನಿಲ್ಲಲು ಆಗಲಿಲ್ಲವಂತೆ. ಜನ ಸೀಟಿ ಹೊಡೆದರೂ ಬಾಯಿ ತೆರೆಯಲಿಲ್ಲವಂತೆ. ತಿಂಗಳೊಳಗೆ ಗಿಟಾರನ್ನು ಕಂಬಳಿಯಲ್ಲಿ ಸುತ್ತಿ ನಮ್ಮ ಅಟ್ಟದ ಮೇಲೆ ಇಟ್ಟು ಹುಬ್ಬಳ್ಳಿಗೆ ಹೋದ. ಅಲ್ಲಿ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೂತು ಕೆಲಸ ಕಲಿತು, ಒಂದು ಹಳೇ ಮೈಕ್‌ಸೆಟ್ಟು, ಎರಡು ಹಾರ್ನು, ಲಾರಿಯ ಬ್ಯಾಟರಿ ತಂದ. ಕ್ರಾಪು ಕತ್ತರಿಸಿದ್ದ. ಪಂಚೆ ಉಟ್ಟಿದ್ದ. "ನನ್ನ ಕೂಗಾಟ ಸಾಕಾತು ತಮ್ಮಾ. ಇನ್ನು ಮಂದಿ ಕೂಗ್ಲಿ" ಅಂದ. ನಗುತ್ತಲೇ ಅಂದ.

ವ್ಯಾಪಾರ ಅವನಿಗೆ ಕೈ ಹತ್ತಿತು. ಮದುವೆ ಮನೆಗೆ ಹೋದರೆ ಬೇರೆಯವರು ಹೆಣ್ಣು ನೋಡಿದರೆ ಇವನು ಮರ ನೋಡುತ್ತಾನೆ ಅಂತ ಜನ ತಮಾಷೆ ಮಾಡುತ್ತಿದ್ದರು. ಯಾವ ಮರಕ್ಕೆ ಕಟ್ಟಿದರೆ ಯಾವ ಕೇರಿಗೆ ಕೇಳುತ್ತದೆ ಅನ್ನುವುದೇ ಅವನ ಧ್ಯಾನ. ಭಾಷಣದವರಿಗೆ, "ನಾಕು ಬೆರಳು ದೂರ ಇಟ್ಕಳ್ರಿ, ಅದೇನು ಮೆಕ್ಕೆಜೋಳದ ತೆನೆ ಅಲ್ಲ" ಅನ್ನುತ್ತಿದ್ದ. ಬಂದಳಿಕೆಯ ಒಂದು ಮದುವೆಯಲ್ಲಿ ಒಬ್ಬ ಅಜ್ಜಿ, ಮೈಕು ಉಸಿರು ಎಳೆದುಕೊಂಡುಬಿಡುತ್ತದೆ ಅಂತ ಹೆದರಿ ಅದರ ಮುಂದೆ ಸೆರಗು ಬಾಯಿಗಿಟ್ಟುಕೊಂಡು ಸೋಬಾನೆ ಹೇಳಿದಳು. ಅಣ್ಣ ಮೈಕನ್ನು ಆಕೆಯ ಬೆನ್ನ ಹಿಂದೆ ಇಟ್ಟ. ಹಾಡು ಚೆನ್ನಾಗಿ ಕೇಳಿತು. ದೊಡ್ಡಪ್ಪನ ಮಗಳ ಮದುವೆಗೂ ಅವನದೇ ಮೈಕು. ಅವತ್ತು ಹಾರ್ನನ್ನು ಊರಿಗೇ ಎತ್ತರದ ಆಲದ ತುದಿಗೆ ಕಟ್ಟಿದ. ನಾನು, "ಅವನಿಗ್ಯಾಕೆ ಇಷ್ಟು ಮಾಡ್ತಿ?" ಅಂದೆ. "ಮೈಕಿಗೆ ಸಿಟ್ಟು ಇರಲ್ಲ ತಮ್ಮಾ" ಅಂದ.

ಹಾರ್ನು ಕಟ್ಟಿದ ಮೇಲೆ ಪರೀಕ್ಷೆ ಮಾಡುವ ಅವನದೇ ಒಂದು ಕ್ರಮ ಇತ್ತು. ನಾನು ಮೈಕಿನ ಮುಂದೆ ನಿಂತು ಮಾತಾಡುತ್ತಿರಬೇಕು. ಅವನು ಕೆಂಪು ಟವೆಲ್ಲು ಹಿಡಿದು ಊರ ಹೊರಗೆ ನಡೆಯುತ್ತಾ ಹೋಗುತ್ತಾನೆ. ಟವೆಲ್ಲು ಮೇಲಿದ್ದರೆ ಮಾತು ಕೇಳುತ್ತಿದೆ ಅಂತ. ಇಳಿದರೆ ಕೇಳಲಿಲ್ಲ, ಅದೇ ಮಾತನ್ನು ಇನ್ನೂ ಜೋರಾಗಿ ಮತ್ತೆ ಹೇಳಬೇಕು. ನಾನು ಹೇಳಬೇಕಾದ ಮಾತನ್ನೂ ಅವನೇ ಕಲಿಸಿದ್ದ: "ಹಿಂದಿನೋರಿಗೆ ಕೇಳ್ತೈತಾ?" ತಾನು ಮಾತ್ರ ಮೈಕಿನ ಮುಂದೆ ಒಂದು ದಿನವೂ ಬಾಯಿ ತೆರೆದವನಲ್ಲ. ಬೇರೆಯವರು ಹಾಡುವಾಗ ಮೇಜಿನ ಕೆಳಗೆ ಅವನ ಎಡಗಾಲಿನ ಹಿಮ್ಮಡಿ ಮಾತ್ರ ನೆಲಕ್ಕೆ ಬಡಿಯುತ್ತಿತ್ತು. ಅದನ್ನು ನೋಡಿದಾಗೆಲ್ಲ, ಹಾಡು ಒಳಗೆ ಇನ್ನೂ ಇದೆ, ಹೇಳಿದರೆ ಬಂದೀತು, ಅಂದುಕೊಳ್ಳುತ್ತಿದ್ದೆ. ನಾಳೆ ಹೇಳಿದರಾಯಿತು ಅಂದುಕೊಳ್ಳುತ್ತಿದ್ದೆ.

ಸೊರಬದ ಆಚೆ ಕುಪ್ಪಗಡ್ಡೆಯಲ್ಲಿ ಒಂದು ಮದುವೆ. ಹೆಣ್ಣಿನ ತಂದೆ ಅಣ್ಣನ ಗುರುತು ಹಿಡಿದ. "ನೀವೇ ಅಲ್ವಾ, ಬಸ್ಸಿನ ಹಾಡು ಹಾಡ್ತಿದ್ದೋರು? ನಾನು ನಾಕು ಸಲ ಬಂದಿದ್ದೆ ಮಾರಾಯ್ರೆ! ಒಂದು ಹೇಳಿ, ಮೈಕು ನಿಮ್ದೇ ಅಲ್ವಾ."

"ಆ ಹುಡುಗ ಈಗ ಇಲ್ರಿ" ಅಂದ ಅಣ್ಣ.

"ಎಂತ ಆಯ್ತು ಅವನಿಗೆ?" ಅಂತ ಆ ಮನುಷ್ಯ, ತನ್ನ ಗುರುತೇ ತಪ್ಪಿತೇನೋ ಅಂದುಕೊಂಡು, ನಿಜವಾಗಿಯೇ ಕೇಳಿದ. ಅಣ್ಣ ವೈರು ಸುತ್ತತೊಡಗಿದ.

ವಾಪಸು ಬರುವಾಗ ಸೊರಬದಲ್ಲಿ ಬಸ್ಸಿಗೆ ಕಾದು ಕೂತಿದ್ದೆವು. ಹಾರ್ನುಗಳು ನಮ್ಮ ಎರಡು ಪಕ್ಕ ಬಾಯಿ ತೆರೆದುಕೊಂಡು ಬಿದ್ದಿದ್ದವು. ಅಣ್ಣ ಬ್ಯಾಟರಿಯ ಮೇಲೆ ಕೂತು ಬೀಡಿ ಹಚ್ಚಿ, ನನ್ನ ಕಡೆ ನೋಡದೆ ಕೇಳಿದ:

"ಅಪ್ಪ ಸಾಯೋವಾಗ ನನ್ನ ಹೆಸರು ಎತ್ತಿದ್ನಾ?"

ದೊಡ್ಡಪ್ಪ ಅಲ್ಲಿರಲಿಲ್ಲ. ಭಜನೆಯವರು ಇರಲಿಲ್ಲ. ಹೇಳಬಹುದಿತ್ತು. ಆದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಕೇಳಿದರೆ? ಓಣಿಯಲ್ಲಿ ಆಗಲೇ ನನ್ನನ್ನು ಭಜನೆಯಪ್ಪ ಅಂತ ಕರೆಯತೊಡಗಿದ್ದರು.

"ಮಾತು ನಿಂತುಹೋಗಿತ್ತಣ್ಣ. ಏನೂ ಹೇಳ್ಲಿಲ್ಲ" ಅಂದೆ.

"ಹ್ಞೂಂ."

ಅಷ್ಟೇ. ಬೀಡಿ ಅರ್ಧಕ್ಕೆ ಹೊಸಕಿದ. ಬಸ್ಸು ಬಂತು. ಕಂಡಕ್ಟರು ಹಳಬ. ಅಣ್ಣನನ್ನು ಕಂಡು, "ಬಾ ಬಾ ಬಸ್ಸೇ!" ಅಂತ ಛೇಡಿಸಿದ. ಅಣ್ಣ ಕೇಳದವನ ಹಾಗೆ ಮೇಲೆ ಹತ್ತಿ ಹಾರ್ನು ಕಟ್ಟಿದ. ಆ ದಿನದಿಂದ ಅವನ ಹಿಮ್ಮಡಿ ನಿಂತಿತು. ಯಾರೇ ಹಾಡಲಿ, ಎಂಥ ಹಾಡೇ ಇರಲಿ, ಮೇಜಿನ ಕೆಳಗೆ ಎರಡು ಪಾದ ಜೋಡಿಸಿಟ್ಟ ಇಟ್ಟಿಗೆಗಳ ಹಾಗೆ ಇರುತ್ತಿದ್ದವು. ನಾನು ಬಗ್ಗಿ ನೋಡುತ್ತಿದ್ದೆ.

ಸುಗ್ಗಿ ಮುಗಿದ ಮೇಲೆ ತಾಳಗುಂದದಲ್ಲಿ ಪುರಾಣ ಹಚ್ಚಿದ್ದರು. ಮುಕ್ತಾಯದ ದಿನ ಸಂಜೆ ನಮ್ಮ ಓಣಿಯ ಭಜನೆ. ಅಂದರೆ ನನ್ನ ಭಜನೆ, ಅಣ್ಣನ ಮೈಕು. ನಾವು ಬೆಳಿಗ್ಗೆಯೇ ಹೋದೆವು. ದೊಡ್ಡಪ್ಪನೂ ಭಜನೆಯವರೂ ಬಂದು ಚಪ್ಪರದಲ್ಲಿ ಮಂಡಕ್ಕಿ ತಿನ್ನುತ್ತಾ ಕೂತಿದ್ದರು. ಅಣ್ಣ ಬೇವಿನ ಮರ ಹತ್ತಿ ಹಾರ್ನು ಕಟ್ಟಿ ಇಳಿದ. ಟವೆಲ್ಲು ಹೆಗಲಿಗೆ ಹಾಕಿಕೊಂಡು, "ಇವತ್ತು ನಿಂದು ಐತಿ. ಕೆರೆ ಏರಿ ತನಕ ಕೇಳ್ಬೇಕು. ಜೋರಾಗಿ ಮಾತಾಡು" ಅಂದು ಹೊರಟ.

ಮೈಕಿನ ಮುಂದೆ ನಿಂತು ಮೇಲೆ ನೋಡಿದೆ. ಹಾರ್ನಿನ ಕುತ್ತಿಗೆಗೂ ಕೊಂಬೆಗೂ ಸುತ್ತಿದ್ದ ತಂತಿ ಬಿಸಿಲಿಗೆ ಹೊಳೆಯಿತು. ದಪ್ಪ ತಂತಿ, ಅದರ ಮೇಲೆ ಸಣ್ಣ ತಂತಿಯ ಸುರುಳಿ. ಅಂಥದ್ದು ನಮ್ಮ ಸೀಮೆಯಲ್ಲಿ ಒಂದೇ ಕಡೆ ಇತ್ತು: ಅಟ್ಟದ ಮೇಲೆ, ಕಂಬಳಿಯೊಳಗೆ. ಅಣ್ಣ ಗಿಟಾರಿನ ತಂತಿ ಬಿಚ್ಚಿ ಹಾರ್ನು ಕಟ್ಟಿದ್ದ. ಸಣಬಿನ ಹಗ್ಗ ಚೀಲದಲ್ಲಿ ಬೇಕಾದಷ್ಟಿತ್ತು.

"ಹಿಂದಿನೋರಿಗೆ ಕೇಳ್ತೈತಾ?" ಅಂದೆ. ಕೊಯ್ದ ಗದ್ದೆಯ ನಡುವೆ ಟವೆಲ್ಲು ಮೇಲೆದ್ದಿತು.

"ಕೇಳ್ತೈತಾ?" ಅಂದೆ. ಬಣವೆಗಳ ಆಚೆ ಟವೆಲ್ಲು ಕಂಡಿತು.

ಅವನು ಕೆರೆ ಏರಿ ಹತ್ತಿ ನಮ್ಮ ಕಡೆ ತಿರುಗಿ ನಿಂತ. ಹೆಬ್ಬೆರಳಷ್ಟು ಮನುಷ್ಯ, ಮೇಲೆ ಒಂದು ಕೆಂಪು ಚುಕ್ಕೆ. ಅಷ್ಟು ದೂರದಿಂದ ಅವನ ಕಣ್ಣು ಕಾಣುತ್ತಿರಲಿಲ್ಲ. ಕಂಡಿದ್ದರೆ ಆವತ್ತೂ ನನ್ನಿಂದ ಆಗುತ್ತಿರಲಿಲ್ಲ.

"ಅಣ್ಣಾ" ಅಂದೆ. ಹಾರ್ನು ಅದನ್ನು ಊರ ಮೇಲೆಲ್ಲ ಹಾಯಿಸಿತು. "ಅಪ್ಪ ತಾಳ ನಿನಗೆ ಕೊಡು ಅಂದಿದ್ದ. ಟೆಂಟಿನ ಹಿಂದೆ ನಿಂತು ನಿನ್ನ ಹಾಡು ಕೇಳಿದ್ನಂತೆ. ಕೊರಳು ನಂದೇ ಅಂದ. ನಾನು ಹೇಳ್ಲಿಲ್ಲ. ಸೊರಬದಾಗೆ ನೀನು ಕೇಳಿದಾಗ ಸುಳ್ಳು ಹೇಳಿದೆ."

ಚಪ್ಪರದಲ್ಲಿ ಮಂಡಕ್ಕಿ ಅಗಿಯುವ ಸದ್ದು ನಿಂತಿತು. "ಏನಲೇ ಒದರ್ತಿದೀಯ, ಬಂದ್ ಮಾಡು ಅದನ್ನ!" ಅಂತ ದೊಡ್ಡಪ್ಪ ಎದ್ದು ಬಂದ. ಅವನು ಕೂಗಿದ್ದೂ ಮೈಕಿನಲ್ಲಿ ಹೋಯಿತು.

ಏರಿಯ ಮೇಲೆ ಟವೆಲ್ಲು ಮೆಲ್ಲಗೆ ಕೆಳಗಿಳಿಯಿತು.

ಅವನಿಗೆ ಕೇಳಿಸಲಿಲ್ಲವೋ, ಕೇಳಿಸಿ ಕೈ ಸೋತಿತೋ ನನಗೆ ತಿಳಿಯಲಿಲ್ಲ. ಇವತ್ತಿಗೂ ತಿಳಿದಿಲ್ಲ. ಆಮೇಲೆ ಅವನಾಗಲಿ ನಾನಾಗಲಿ ಅದನ್ನು ಎತ್ತಲಿಲ್ಲ. ಆದರೆ ಟವೆಲ್ಲು ಇಳಿದರೆ ಇನ್ನೂ ಜೋರಾಗಿ ಮತ್ತೆ ಹೇಳಬೇಕು ಅಂತ ಅವನೇ ಕಲಿಸಿದ್ದ. ದೊಡ್ಡಪ್ಪ ಹಿಡಿದ ರಟ್ಟೆ ಕೊಡವಿಕೊಂಡು, ಮೈಕನ್ನು ಎರಡೂ ಕೈಯಲ್ಲಿ ಹಿಡಿದು, ಒಡಕು ಕೊರಳು ಏರಿದಷ್ಟು ಏರಿಸಿ ಹೇಳಿದೆ:

"ತಪ್ಪಾತಣ್ಣ! ನಿನ್ನ ಹಾಡು ನಿಲ್ಸಿದೋನು ಅಪ್ಪ ಅಲ್ಲ. ನಾನು. ನಂದು ತಪ್ಪಾತು."